ಮಣಿಕಟ್ಟಿನ ನೋವು ತಗ್ಗಿಸಿದ ಜೋಡುಕಡ್ಡಿ

ತಂಗಿಯ ಮಗುವಿಗೆಂದು ಅಕ್ರಿಲಿಕ್ ನೂಲಿನ ಹೊದಿಕೆ ಹೆಣೆಯುತ್ತಿದ್ದೆ. ಅಗಲ ಹೆಚ್ಚಿದಂತೆ ಬಲಗೈ ಮಣಿಕಟ್ಟು ನೋಯತೊಡಗಿತು. ಕೈಗೆ ಎಣ್ಣೆ ತಿಕ್ಕಿದೆ, ಬಿಸಿನೀರಿನ ಶಾಖ ಕೊಟ್ಟೆ. ಹೆಣೆಯಲು ಕುಳಿತರೆ ಮತ್ತೆ ಅದೇ ನೋವು.

ಕಾರಣ ಕಡ್ಡಿಯಲ್ಲಿತ್ತು. ಉದ್ದನೆಯ ನೇರ ಕಡ್ಡಿಯಲ್ಲಿ ಹೆಣೆದ ಬಟ್ಟೆಯ ಭಾರವೆಲ್ಲ ತುದಿಯಲ್ಲಿ ತೂಗುತ್ತದೆ; ಪ್ರತಿ ಕುಣಿಕೆಗೂ ಮಣಿಕಟ್ಟು ಆ ಭಾರವನ್ನು ಎತ್ತಬೇಕು. ಅದಕ್ಕೇ 4 ಮಿ.ಮೀ. ದಪ್ಪದ, 80 ಸೆಂ.ಮೀ. ಉದ್ದದ ಜೋಡುಕಡ್ಡಿ ತಂದೆ. ಎರಡು ಗಿಡ್ಡ ಬಿದಿರಿನ ಕಡ್ಡಿಗಳ ನಡುವೆ ಪ್ಲಾಸ್ಟಿಕ್ ತಂತಿ ಇರುತ್ತದೆ. ಇದು ಟೋಪಿ, ಕಾಲುಚೀಲದಂಥ ದುಂಡು ಹೆಣಿಗೆಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಸಾಲು ಮುಗಿದಾಗ ಕಡ್ಡಿಗಳನ್ನು ಕೈ ಬದಲಿಸಿಕೊಂಡು ಹಿಂದಿರುಗಿದರೆ ಚಪ್ಪಟೆ ಹೊದಿಕೆಯೂ ಆಗುತ್ತದೆ. ಭಾರವೆಲ್ಲ ತಂತಿಯ ಮೇಲೆ, ಮಡಿಲಲ್ಲಿ ಒರಗುತ್ತದೆ.

ಹೊಸ ತಂತಿ ಸುರುಳಿ ಬಿಡದೆ ಸತಾಯಿಸಿತು. ತಂತಿಯನ್ನಷ್ಟೇ ಬಿಸಿನೀರಿನಲ್ಲಿ ಅದ್ದಿ, ನೇರವಾಗಿ ಎಳೆದು ಹಿಡಿದು ಆರಿಸಿದೆ; ಸರಿಹೋಯಿತು. ಬಿದಿರಿನ ಮೇಲೆ ಅಕ್ರಿಲಿಕ್ ನೂಲು ಸ್ಟೀಲಿನ ಮೇಲಿನಷ್ಟು ಜಾರುವುದಿಲ್ಲವಾದ್ದರಿಂದ ಬೆರಳು ಬಿಗಿಹಿಡಿಯುವುದೂ ತಪ್ಪಿತು. ಈಗ ನೋವಿಲ್ಲ. ಆದರೂ ಕೆಲವು ಸಾಲಿಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಡಿಸಿಕೊಳ್ಳುತ್ತೇನೆ. ಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಕಡ್ಡಿ ಬದಲಿಸುತ್ತಾ ಕೂರದೆ ವೈದ್ಯರಿಗೆ ತೋರಿಸಿ.