ನಿಮ್ಮ ಫೋನು ಇನ್ನೆಷ್ಟು ವರ್ಷ ಬಾಳುತ್ತದೆಂದು ಅಂದಾಜಿಸುವುದು ಹೇಗೆ?

ಆಂಡ್ರಾಯ್ಡ್ ಫೋನು ಹಳತಾಯಿತೆಂದು ತೀರ್ಮಾನಿಸುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ತಂತ್ರಾಂಶದ ಲೋಪಗಳನ್ನು ಸರಿಪಡಿಸುವ ಕೊನೆಯ ಭದ್ರತಾ ಅಪ್‌ಡೇಟ್‌ನ ದಿನಾಂಕವನ್ನು ನೋಡಿ. ಅದು ಒಂದು ವರ್ಷಕ್ಕಿಂತ ಹಿಂದಿನದಾಗಿದ್ದು, ಹೊಸ ಅಪ್‌ಡೇಟ್ ಹುಡುಕಿದರೂ ಸಿಗದಿದ್ದರೆ, ಫೋನು ಎಷ್ಟೇ ಚುರುಕಾಗಿದ್ದರೂ ಅದರಲ್ಲಿ ಬ್ಯಾಂಕ್ ಮತ್ತು ಯುಪಿಐ ವ್ಯವಹಾರ ಮುಂದುವರಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಳ್ಳುವಾಗಲೂ ಕ್ಯಾಮೆರಾಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆಂಬುದನ್ನೇ. 2023ರ ಗೂಗಲ್ ಪಿಕ್ಸೆಲ್ 8 ಮತ್ತು 2024ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಮಾದರಿಗಳಿಗೆ ತಯಾರಕರು 7 ವರ್ಷಗಳ ಅಪ್‌ಡೇಟ್ ಭರವಸೆ ನೀಡಿದ್ದಾರೆ. ಅಗ್ಗದ ಅನೇಕ ಫೋನುಗಳಿಗೆ ಅದರ ಅರ್ಧದಷ್ಟೂ ಇರುವುದಿಲ್ಲ. ಈ ಅವಧಿಯನ್ನು ಸಾಮಾನ್ಯವಾಗಿ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ ಎಣಿಸುತ್ತಾರೆಯೇ ಹೊರತು ನೀವು ಕೊಂಡ ದಿನದಿಂದಲ್ಲ. ಆದ್ದರಿಂದ ದೀಪಾವಳಿಯ ರಿಯಾಯಿತಿಯಲ್ಲಿ 2 ವರ್ಷ ಹಿಂದಿನ ಮಾದರಿಯನ್ನು ಕೊಂಡವರು ಅಷ್ಟು ಆಯುಷ್ಯವನ್ನು ಆಗಲೇ ಕಳೆದುಕೊಂಡಿರುತ್ತಾರೆ.

ಅಪ್‌ಡೇಟ್ ಇನ್ನೂ ಬರುತ್ತಿದ್ದು ಫೋನು ಮಾತ್ರ ನಿಧಾನವಾಗಿದ್ದರೆ, ಮೊದಲು ತುಂಬಿಹೋದ ಸ್ಟೋರೇಜ್ ಖಾಲಿ ಮಾಡಿ, ಬಳಿಕ ಬ್ಯಾಟರಿ ಪರೀಕ್ಷಿಸಿ. ಐಫೋನ್ 14ರವರೆಗಿನ ಬ್ಯಾಟರಿಗಳನ್ನು 500 ಪೂರ್ಣ ಚಾರ್ಜ್‌ಗಳ ನಂತರವೂ ಶೇ. 80ರಷ್ಟು ಸಾಮರ್ಥ್ಯ ಉಳಿಯುವಂತೆ ರೂಪಿಸಲಾಗಿದೆ. ಐಫೋನ್ 15ರಲ್ಲಿ ಈ ಮಿತಿ 1000. ಸಾಮರ್ಥ್ಯ ಶೇ. 80ಕ್ಕಿಂತ ಕೆಳಗಿಳಿದಿದ್ದರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿಯನ್ನಷ್ಟೇ ಬದಲಾಯಿಸಿಕೊಳ್ಳಿ.