ಏಳು ಹರಳಿನಲ್ಲಿ ಒಂದು ಬೇರೆ

ಮೊದಲೇ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಅತ್ತೆಯ ಪೆಟ್ಟಿಗೆಯಲ್ಲಿ ಒಂದು ಹಳೆ ಚಿನ್ನದ ಬ್ರೇಸ್‌ಲೆಟ್ ಇತ್ತು, ಏಳು ಕೆಂಪು ಹರಳಿನದು. ಕ್ಲೀನ್ ಮಾಡಿಕೊಡುತ್ತೇನೆ ಅಂತ ತಂದೆ, ತಂದವನೇ ಸೋಪುನೀರಲ್ಲಿ ನೆನೆಹಾಕಿದೆ. ಹರಳು ಅಂದರೆ ಕಲ್ಲು ತಾನೇ, ಕಲ್ಲಿಗೆ ನೀರು ಏನು ಮಾಡೀತು ಅಂದುಕೊಂಡಿದ್ದೆ. ಮಾರನೇ ದಿನ ನೋಡಿದರೆ ಎರಡನೇ ಹರಳು ಮಂಕಾಗಿತ್ತು. ಒಳಗೆ ಮಸಿ ಹಬ್ಬಿದ ಹಾಗೆ.

ಆಮೇಲೆ ತಿರುಗಿಸಿ ಬೆನ್ನು ನೋಡಿದೆ. ಅದನ್ನು ಮೊದಲೇ ನೋಡಬೇಕಿತ್ತು! ಹರಳಿನ ಹಿಂದೆ ಪೂರ್ತಿ ಚಿನ್ನದ ತಗಡು ಮುಚ್ಚಿತ್ತು. ಇಂಥ ಮುಚ್ಚಿದ ಮನೆಯಲ್ಲಿ ಕೂರಿಸಿದ ಹರಳಿನ ಅಡಿಯಲ್ಲಿ ಸಾಮಾನ್ಯವಾಗಿ ಬೇಗಡೆ ಇಟ್ಟಿರುತ್ತಾರೆ, ಹೊಳೆಯುವ ತೆಳು ಲೋಹದ ಹಾಳೆ. ದೀಪದ ಮಂದ ಬೆಳಕಲ್ಲೂ ಕಪ್ಪುಗೆಂಪು ಕಲ್ಲು ಮಿನುಗಲಿ ಅಂತ. ಅಂಚಿನ ಸಂದಿಯಿಂದ ನೀರು ಒಳಗೆ ಹೋದರೆ ಆ ಬೇಗಡೆ ಕಪ್ಪಾಗುತ್ತದೆ, ಕಲ್ಲಿಗೆ ಏನೂ ಆಗಿರುವುದಿಲ್ಲ. ಈಗ ಯಾರು ಹಳೆ ಒಡವೆ ಕೊಟ್ಟರೂ ನಾನು ಮೊದಲು ನೋಡುವುದು ಬೆನ್ನನ್ನೇ. ಬೆನ್ನು ತೆರೆದಿದ್ದು ಬೆಳಕು ಹಾದುಹೋದರೆ ಸರಿ. ಮುಚ್ಚಿದ್ದರೆ ನೆನೆಹಾಕುವ ಮಾತೇ ಇಲ್ಲ, ನೀರಲ್ಲಿ ಕಂಪನ ಎಬ್ಬಿಸಿ ತೊಳೆಯುವ ಅಲ್ಟ್ರಾಸೋನಿಕ್ ಮೆಷಿನ್ ಅಂತೂ ಬೇಡವೇ ಬೇಡ. ಮುತ್ತು, ಓಪಲ್, ಟರ್ಕಾಯ್ಸ್ ಇದ್ದರೂ ಅಷ್ಟೇ.

ಕೈ ಸುಟ್ಟುಕೊಂಡ ಮೇಲೆ ಬುದ್ಧಿ ಬಂತು. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಕೂತೆ. ಕೊಂಡಿಯ ನಾಲಿಗೆ ಮೇಲೆ ಪುಟ್ಟ ಮುದ್ರೆಗಳಿದ್ದವು: 15, ಪಕ್ಕದಲ್ಲಿ .625, ಆಮೇಲೆ ಒಂದು ಲಂಗರು. ಲಂಗರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಚಿನ್ನ ಪರೀಕ್ಷಾ ಕಚೇರಿಯ ಗುರುತು. 15 ಅಂದರೆ 15 ಕ್ಯಾರೆಟ್, 24ರಲ್ಲಿ 15 ಭಾಗ ಚಿನ್ನ, ಅದೇ .625. ಈ 15 ಕ್ಯಾರೆಟ್ ದರ್ಜೆ ಬ್ರಿಟನ್ನಿನಲ್ಲಿ ಇದ್ದದ್ದು 1854ರಿಂದ 1932ರವರೆಗೆ ಮಾತ್ರ, ಆಮೇಲೆ ಅದನ್ನು ತೆಗೆದು 14 ತಂದರು. ಒರೆಗಲ್ಲಿಗೆ ಉಜ್ಜುವ ಗೋಜಿಲ್ಲದೆ ಚಿನ್ನದ ಶುದ್ಧತೆ ಗೊತ್ತಾಯಿತು, ಜೊತೆಗೆ ಕಾಲವೂ ಸಿಕ್ಕಿಬಿಟ್ಟಿತು. ವರ್ಷ ಹೇಳುವ ಅಕ್ಷರವೂ ಒಂದಿತ್ತು, ಆದರೆ ಯಾರೋ ಹಿಂದೆ ಪಾಲಿಶ್ ಚಕ್ರಕ್ಕೆ ಕೊಟ್ಟು ಸವೆಸಿದ್ದರು. ಹೊಟ್ಟೆ ಉರಿಯಿತು. ಹಳೆ ಒಡವೆಗೆ ಪಾಲಿಶ್ ಹೊಡೆಯುವವರಿಗೆ ನನ್ನ ಶಾಪ ಇದ್ದೇ ಇದೆ. ರವೆ ಕೆಲಸದ ಕಾಳುಗಳು, ಅಂದರೆ ಅಲಂಕಾರಕ್ಕೆ ಕೂರಿಸಿದ ಪುಟ್ಟ ಚಿನ್ನದ ಗುಂಡುಗಳು ಕೂಡ ಒಂದು ಬದಿಯಲ್ಲಿ ಚಪ್ಪಟೆಯಾಗಿದ್ದವು.

ಹರಳಿನ ಕಥೆ ಇನ್ನೂ ಮಜಾ. ಏಳೂ ಒಂದೇ ಥರ ಕಾಣುತ್ತಿದ್ದವು, ಗಾರ್ನೆಟ್ ಎಂಬ ಕಪ್ಪುಗೆಂಪು ಕಲ್ಲು ಅಂದುಕೊಂಡಿದ್ದೆ. ಸುಮ್ನೆ ಕುತೂಹಲಕ್ಕೆ ಕತ್ತಲಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದೆ. ಆರು ಕಲ್ಲು ಸತ್ತ ಹಾಗೆ ಕೂತಿದ್ದವು, ಐದನೆಯದು ಮಾತ್ರ ಕೆಂಡದ ಹಾಗೆ ಹೊಳೆಯಿತು. ಗಾರ್ನೆಟ್ ಹೊಳೆಯುವುದಿಲ್ಲ, ಮಾಣಿಕ್ಯ ಹೊಳೆಯುತ್ತದೆ. ಒಂದು ಕ್ಷಣ ಎದೆ ಹಾರಿತು ನೋಡಿ. ಆದರೆ ಕೃತಕ ಮಾಣಿಕ್ಯವೂ ಹಾಗೇ ಹೊಳೆಯುತ್ತದಲ್ವಾ. ಲೂಪಿನಡಿ ಹರಳನ್ನು ಓರೆ ಮಾಡಿ ಮಾಡಿ ತುಂಬ ಹೊತ್ತು ನೋಡಿದೆ. ಒಳಗೆ ಬಾಗಿದ ಗೆರೆಗಳು, ಹಳೆ ಗ್ರಾಮಫೋನ್ ತಟ್ಟೆಯ ಗೀರುಗಳ ಹಾಗೆ, ಜೊತೆಗೆ ದುಂಡಗಿನ ಒಂದೆರಡು ಗುಳ್ಳೆ. ನೆಲದೊಳಗೆ ಬೆಳೆದ ಮಾಣಿಕ್ಯದಲ್ಲಿ ಗೆರೆ ಇದ್ದರೆ ನೇರವಾಗಿರುತ್ತವೆ, ಹೀಗೆ ಬಾಗುವುದಿಲ್ಲ. ಇದು ಬೆಂಕಿಯಲ್ಲಿ ಪುಡಿ ಕರಗಿಸಿ ಹನಿಹನಿಯಾಗಿ ಬೆಳೆಸಿದ ಕಲ್ಲು, ವರ್ನೊಯಿ ಎಂಬ ಫ್ರೆಂಚ್ ವಿಜ್ಞಾನಿ 1902ರಲ್ಲಿ ಪ್ರಕಟಿಸಿದ ವಿಧಾನ. ಬಹುಶಃ ಎಂದೋ ಒಂದು ಗಾರ್ನೆಟ್ ಬಿದ್ದುಹೋಗಿ, ಯಾರೋ ಅಕ್ಕಸಾಲಿಗರು ಬಣ್ಣ ಹೊಂದಿಸಿ ಇದನ್ನು ಕೂರಿಸಿದ್ದಾರೆ. ಚೆನ್ನಾಗಿಯೇ ಕೂರಿಸಿದ್ದಾರೆ, ಅಂಚು ಒತ್ತಿದ್ದು ಎಲ್ಲೂ ಗೊತ್ತಾಗುವುದಿಲ್ಲ.

ಇನ್ನೊಂದು ರಿಪೇರಿ ಮಾತ್ರ ಹಾಗಿರಲಿಲ್ಲ. ಒಂದು ಕೀಲಿನ ಹತ್ತಿರ ಬೂದು ಬಣ್ಣದ ಮುದ್ದೆ, ಸೀಸದ ಬೆಸುಗೆ. ಅದರ ಮೇಲೆ ನೇರ ಉರಿ ಹಾಯಿಸಿದರೆ ಸೀಸ ಕರಗಿ ಚಿನ್ನವನ್ನೇ ತಿಂದು ಗುಳಿ ಬೀಳಿಸುತ್ತದೆ. ನಾನು ಅದನ್ನು ಮುಟ್ಟಲಿಲ್ಲ. ಲೇಸರ್ ಬೆಸುಗೆ ಮಾಡುವ ಒಬ್ಬರಿಗೆ ಕೊಟ್ಟೆ. ಅವರು ಮೊದಲು ಬೂದು ಮುದ್ದೆಯನ್ನು ಕೆರೆದು ತೆಗೆದು, ಆಮೇಲೆ ಬೇಕಾದ ಚುಕ್ಕೆಗಷ್ಟೇ ಶಾಖ ಕೊಟ್ಟರು. ಹರಳಿಗೆ ಬಿಸಿ ತಾಗಲಿಲ್ಲ.

ಕೊಂಡಿಯನ್ನು ನಾನೇ ಸರಿ ಮಾಡಿದೆ. ಒಂದು ಪುಟ್ಟ ಡಬ್ಬಿ, ಅದರೊಳಗೆ ಹೋಗಿ ಟಕ್ ಅಂತ ಕೂರುವ ಮಡಚಿದ ನಾಲಿಗೆ. ವರ್ಷಗಟ್ಟಲೆ ಒತ್ತಿ ಒತ್ತಿ ನಾಲಿಗೆ ಚಪ್ಪಟೆಯಾಗಿ, ಟಕ್ ಅನ್ನುವುದೇ ನಿಂತಿತ್ತು. ತೆಳು ಬ್ಲೇಡನ್ನು ಮಡಿಕೆಯೊಳಗೆ ತೂರಿಸಿ ಒಂದು ಕೂದಲೆಳೆಯಷ್ಟು ಎತ್ತಿದೆ. ಹಾಕಿ ನೋಡಿದೆ, ಇಲ್ಲ. ಇನ್ನೊಂದು ಎಳೆ. ಟಕ್. ಅಲ್ಲಿಗೆ ನಿಲ್ಲಿಸಿದೆ, ಯಾಕೆಂದರೆ ಚಿನ್ನ ಕೂಡ ಜಾಸ್ತಿ ಬಗ್ಗಿಸಿದರೆ ಗಡುಸಾಗಿ ಮಡಿಕೆಯಲ್ಲೇ ಮುರಿಯುತ್ತದೆ. ಜೊತೆಗಿದ್ದ ಸಣ್ಣ ಕಾವಲು ಸರಪಳಿ ಗಟ್ಟಿಯಿತ್ತು, ಸದ್ಯ.

ತೊಳೆಯುವ ಬದಲು ಒರೆಸಿದೆ. ಮೊದಲು ಒಣ ಮೆತ್ತನೆ ಬ್ರಶ್, ಆಮೇಲೆ ತೇವ ಮಾಡಿ ಚೆನ್ನಾಗಿ ಹಿಂಡಿದ ಹತ್ತಿ ಕಡ್ಡಿ, ಸಂದಿಗೆ ಚೂಪು ಮಾಡಿದ ಬಿದಿರು ಕಡ್ಡಿ. ಎರಡು ಸಂಜೆ ಹಿಡಿಯಿತು. ಸಂದಿಯಲ್ಲಿರುವ ಕಪ್ಪನ್ನು ಪೂರ್ತಿ ತೆಗೆಯಲಿಲ್ಲ, ಅದಿದ್ದರೇ ರವೆ ಎದ್ದು ಕಾಣುವುದು.

ಮಂಕಾದ ಹರಳನ್ನು ಹಾಗೇ ಬಿಟ್ಟೆ. ಅಂಚು ಎತ್ತಿ ಬೇಗಡೆ ಬದಲಿಸಬಹುದು, ಆದರೆ ಅಷ್ಟು ಹಳೆ ತೆಳು ಚಿನ್ನ ಎತ್ತುವಾಗ ಸೀಳಿದರೆ ಹರಳೇ ನಿಲ್ಲುವುದಿಲ್ಲ. ಅತ್ತೆಗೆ ನಡೆದದ್ದೆಲ್ಲ ಹೇಳಿ ಕೈಗೆ ಹಾಕಿದೆ. ತಿರುಗಿಸಿ ತಿರುಗಿಸಿ ನೋಡಿ, “ಯಾವುದೋ ಹಾಳಾಗಿದ್ದು?” ಅಂದರು. ತೋರಿಸಿದೆ. ಈಗ ಅವರಿಗೆ ಅದೊಂದೇ ಕಾಣುತ್ತದಂತೆ.