ಈಜಲು ವಾಚ್ ತೆಗೆದುಕೊಳ್ಳುವ ಮೊದಲು

ನನ್ನ ಮೊದಲ ಸ್ಮಾರ್ಟ್ ವಾಚ್ ಸತ್ತದ್ದು ಈಜುಕೊಳದಲ್ಲಿ. ಬಾಕ್ಸ್ ಮೇಲೆ ಐಪಿ68 ಅಂತ ದಪ್ಪ ಅಕ್ಷರದಲ್ಲಿತ್ತು. "ನೀರಿಗೆ ಏನೂ ಆಗುವುದಿಲ್ಲ ಸಾರ್" ಅಂದಿದ್ದ ಅಂಗಡಿಯ ಹುಡುಗ. ನೀರಿಗೆ ಏನೂ ಆಗಲಿಲ್ಲ, ನಿಜ. ಎರಡನೇ ವಾರಕ್ಕೆ ಗಾಜಿನ ಒಳಗೆ ಮಂಜು ಕಟ್ಟಿತು, ಮೂರನೇ ವಾರಕ್ಕೆ ಪೂರ್ತಿ ಕತ್ತಲೆ.

ಆಮೇಲೆ ಗೊತ್ತಾಯಿತು. ಐಪಿ68 ಅಂದರೆ ನಿಂತ ಸಿಹಿನೀರಿನಲ್ಲಿ ಸುಮ್ನೆ ಮುಳುಗಿಸಿಟ್ಟು ನೋಡಿದ ಪರೀಕ್ಷೆ. ಕೈ ಬೀಸಿ ನೀರಿಗೆ ಹೊಡೆಯುವಾಗಿನ ಒತ್ತಡದ ಲೆಕ್ಕ ಅದರಲ್ಲಿಲ್ಲ. ಈಜುವವರು ನೋಡಬೇಕಾದದ್ದು 5 ಎಟಿಎಂ, ಅಂದರೆ ಐದು ವಾತಾವರಣದಷ್ಟು ಒತ್ತಡ, ಅನ್ನುವ ಬರಹ. ಕೆಲವರು ಅದನ್ನೇ 50 ಮೀಟರ್ ಎಂದು ಬರೆಯುತ್ತಾರೆ. ಹಾಗಂತ 50 ಮೀಟರ್ ಆಳಕ್ಕೆ ಇಳಿಯಬಹುದು ಅಂತಲ್ಲ ಮಾರಾಯ್ರೆ, ಅಷ್ಟು ಆಳದ ಒತ್ತಡವನ್ನು ಲ್ಯಾಬಿನಲ್ಲಿ ತಡೆದಿದೆ ಅಂತ ಅಷ್ಟೇ. ಕೊಳಕ್ಕೆ ಅದು ಸಾಕು.

ಈಗ ಮುಖ್ಯ ವಿಷಯ. ಕೊಳದೊಳಗೆ ವಾಚಿಗೆ ಗೊತ್ತಾಗುವುದು ನಿಮ್ಮ ಒಂದು ಕೈ ಮಾತ್ರ. ಜಿಪಿಎಸ್ ಸಂಕೇತ ನೀರಿನೊಳಗೆ ಬರುವುದಿಲ್ಲ. ಹಾಗಾಗಿ ಕೈಯ ಚಲನೆ ನೋಡಿ, ನೀವು ಗೋಡೆ ಮುಟ್ಟಿ ತಿರುಗಿದ್ದನ್ನು ಊಹಿಸಿ, ಒಂದು ಉದ್ದ (ಈ ಗೋಡೆಯಿಂದ ಆ ಗೋಡೆಗೆ) ಅಂತ ಎಣಿಸಿ, ಕೊಳದ ಅಳತೆಯಿಂದ ಗುಣಿಸುತ್ತದೆ. ಕೊಳ ಎಷ್ಟು ಉದ್ದ ಅಂತ ನೀವೇ ಹೇಳಬೇಕು. ನಮ್ಮ ಮಂಗಳೂರಿನ ಎಮ್ಮೆಕೆರೆಯ ಹೊಸ ಕೊಳ 50 ಮೀಟರ್. ಅಪಾರ್ಟ್‌ಮೆಂಟ್ ಕೊಳಗಳು 12, 15, 18, ಬಿಲ್ಡರ್‌ಗೆ ಜಾಗ ಎಷ್ಟು ಉಳಿಯಿತೋ ಅಷ್ಟು! ಅದಕ್ಕೇ ಖರೀದಿಸುವ ಮೊದಲು ಕೇಳಿ: ಉದ್ದವನ್ನು ನಮಗೆ ಬೇಕಾದಂತೆ ಹಾಕಬಹುದಾ, ಕನಿಷ್ಠ ಎಷ್ಟು? ಕೆಲವು ಅಗ್ಗದ ವಾಚುಗಳಲ್ಲಿ 25 ಮತ್ತು 50 ಬಿಟ್ಟರೆ ಬೇರೆ ಆಯ್ಕೆಯೇ ಇರುವುದಿಲ್ಲ.

ನಾನು ಹೊಳೆಯಲ್ಲಿ ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತವನು. ಫ್ರೀಸ್ಟೈಲ್ ಅಂತ ಹೆಸರು, ಆದರೆ ಅರ್ಧ ದಾರಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ಬೆಳಗಿನ ಬ್ಯಾಚಿನಲ್ಲಿ ಮಕ್ಕಳು ಅಡ್ಡ ಬರುತ್ತಾರೆ, ತಪ್ಪಿಸಿಕೊಂಡು ಹೊರಳುತ್ತೇನೆ. ವಾಚ್ ಅದನ್ನೂ ಒಂದು ಉದ್ದ ಅಂತ ಎಣಿಸಿಬಿಡುತ್ತದೆ. ಕಾಲು ಮಾತ್ರ ಬಡಿಯಲು ಕಿಕ್‌ಬೋರ್ಡ್ ಹಿಡಿದರೆ ಉಲ್ಟಾ, ಕೈ ಆಡದಿದ್ದಕ್ಕೆ ಎಣಿಸುವುದೇ ಇಲ್ಲ. ಕಿಕ್ ಅಭ್ಯಾಸ ಜಾಸ್ತಿ ಮಾಡುವವರಾದರೆ ಆ ದೂರವನ್ನು ಕೈಯಾರೆ ಸೇರಿಸುವ ಸೌಲಭ್ಯ ಇದೆಯಾ ನೋಡಿ. ಗಾರ್ಮಿನ್‌ನ ಹಲವು ವಾಚುಗಳಲ್ಲಿ ಡ್ರಿಲ್ ಲಾಗ್ ಅಂತ ಇರುತ್ತದೆ.

ಬಟನ್ ಬೇಕೇ ಬೇಕು. ಒದ್ದೆ ಗಾಜಿನ ಮೇಲೆ ಬೆರಳು ಕೆಲಸ ಮಾಡುವುದಿಲ್ಲ, ನೀರ ಹನಿಯನ್ನೇ ಬೆರಳು ಅಂದುಕೊಂಡು ಸ್ಕ್ರೀನ್ ತಾನಾಗಿ ಕುಣಿಯುತ್ತದೆ. ಆಪಲ್ ವಾಚಿನಲ್ಲಿ ಅದಕ್ಕೇ ಟಚ್ ಕೆಲಸ ಮಾಡದಂತೆ ತಡೆಯುವ ವಾಟರ್ ಲಾಕ್ ಇಟ್ಟಿದ್ದಾರೆ. ನಾನೀಗ ಕಟ್ಟುವುದು ಗಾರ್ಮಿನ್ ಫೋರ್‌ರನ್ನರ್ 55. ಟಚ್ ಇಲ್ಲ, ಐದು ಬಟನ್. ನೋಡಲು ಹಳೇ ಕಾಲದ ಡಿಜಿಟಲ್ ವಾಚಿನ ಹಾಗೆ ಉಂಟು ಅಂತ ಮಗಳು ನಗುತ್ತಾಳೆ. ನಗಲಿ. ಗೋಡೆ ಹಿಡಿದು ನಿಂತಾಗ ನೋಡದೆಯೇ ಒತ್ತಬಹುದು.

ಹೃದಯ ಬಡಿತಕ್ಕೆ ಅಂತ ಹೆಚ್ಚು ದುಡ್ಡು ಕೊಡಬೇಡಿ. ಮಣಿಕಟ್ಟು ಮತ್ತು ವಾಚಿನ ನಡುವೆ ನೀರು ನುಗ್ಗಿದರೆ ಬೆಳಕಿನ ಸೆನ್ಸರ್ ತಪ್ಪುತ್ತದೆ. ನಿಖರವಾಗಿ ಬೇಕೇ ಬೇಕು ಅನ್ನುವವರಿಗೆ ಪೋಲಾರ್ ವೆರಿಟಿ ಸೆನ್ಸ್ ಅಂತ ಬೇರೆ ಸಾಧನ ಇದೆ, ಗಾಗಲ್ಸ್ ಪಟ್ಟಿಗೆ ಸಿಕ್ಕಿಸಿ ಕಿವಿಯ ಹತ್ತಿರ ಇಟ್ಟುಕೊಳ್ಳುವಂಥದ್ದು.

ಸಮುದ್ರಕ್ಕೆ ಇಳಿಯುವವರು ಓಪನ್ ವಾಟರ್ ಮೋಡ್ ಇದೆಯಾ ಅಂತ ಬೇರೆಯಾಗಿ ಕೇಳಿ. 5 ಎಟಿಎಂ ಇದ್ದ ವಾಚಿನಲ್ಲೆಲ್ಲ ಅದು ಇರುವುದಿಲ್ಲ, ನನ್ನದರಲ್ಲೂ ಇಲ್ಲ. ಆ ಮೋಡ್‌ನಲ್ಲಿ ಕೈ ನೀರಿನಿಂದ ಮೇಲೆ ಬಂದ ಕ್ಷಣ ವಾಚ್ ಜಿಪಿಎಸ್ ಹಿಡಿಯುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕೈ ಹೆಚ್ಚಾಗಿ ನೀರಿನೊಳಗೇ ಇರುವುದರಿಂದ ಮ್ಯಾಪ್ ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ ಪಣಂಬೂರು, ಮಲ್ಪೆಯ ಕಡಲಿಗೆ ಇಳಿಯುವ ಹಾಗೆಯೇ ಇಲ್ಲ. ವರ್ಷಕ್ಕೆ ನಾಲ್ಕು ಸಲ ಕಡಲಲ್ಲಿ ಈಜಲು ಆ ಮೋಡ್‌ಗೆಂದೇ ಹೆಚ್ಚು ಖರ್ಚು ಬೇಕಾ, ಯೋಚಿಸಿ.

ಸ್ವಾಲ್ಫ್ ಅಂತ ಒಂದು ಅಂಕಿ ಕಾಣಿಸುತ್ತದೆ. ಒಂದು ಉದ್ದಕ್ಕೆ ಹಿಡಿದ ಸೆಕೆಂಡು ಮತ್ತು ಕೈ ಬೀಸಿದ ಲೆಕ್ಕದ ಮೊತ್ತ ಅದು. 25 ಮೀಟರಿಗೆ 32 ಸೆಕೆಂಡು, 12 ಬೀಸು ಆದರೆ 44. ಗಾರ್ಮಿನ್‌ನಲ್ಲಿ ವಾಚ್ ಕಟ್ಟಿದ ಕೈಯ ಬೀಸು ಮಾತ್ರ ಲೆಕ್ಕಕ್ಕೆ. ಕಡಿಮೆಯಾದಷ್ಟೂ ಒಳ್ಳೆಯದು. ಪಕ್ಕದವರ ಅಂಕಿಯ ಜೊತೆ ಹೋಲಿಸಬೇಡಿ. ಅವರ ಕೈ ನಿಮಗಿಂತ ಉದ್ದ ಇರಬಹುದು, ಅಲ್ವಾ?

ಸಿಲಿಕೋನ್ ಪಟ್ಟಿಯದ್ದೇ ತೆಗೆದುಕೊಳ್ಳಿ. ಈಜಿದ ಮೇಲೆ ನಲ್ಲಿ ನೀರಲ್ಲಿ ತೊಳೆದು ಒರೆಸಿ. ನಮ್ಮೂರಿನ ಬೆವರು, ಉಪ್ಪುಗಾಳಿಗೆ ಚಾರ್ಜ್ ಮಾಡುವ ಪಿನ್ ಬಹಳ ಬೇಗ ಕಿಲುಬು ಹಿಡಿಯುತ್ತದೆ. ಬಿಸಿನೀರು, ಸೋಪಿನ ಸ್ನಾನಕ್ಕೆ ಮೊದಲು ಬಿಚ್ಚಿಡಿ. ಒಳಗಿನ ರಬ್ಬರ್ ಸೀಲ್ ಹಾಳಾಗುವುದು ಅಲ್ಲಿಯೇ.

ವಾಪಸು ಕೊಡುವ ದಿನ ಮುಗಿಯುವ ಮೊದಲೇ ಒಮ್ಮೆ ಪರೀಕ್ಷಿಸಿ. ನಾನು ಮನೆಯ ಚೆನ್ನೆಮಣೆ ಆಟದಿಂದ ಹತ್ತು ಮಂಜೊಟ್ಟಿ ಬೀಜ ತೆಗೆದುಕೊಂಡು ಹೋಗಿದ್ದೆ. ಕೊಳದ ಅಂಚಿನಲ್ಲಿ ಸಾಲಾಗಿ ಇಟ್ಟು, ಹೋಗಿ ಬಂದಾಗಲೆಲ್ಲ ಒಂದೊಂದು ಸರಿಸಿದೆ. ಹತ್ತೂ ಮುಗಿದಾಗ ಇಪ್ಪತ್ತು ಉದ್ದ ಆಗಬೇಕು. ವಾಚ್ ಇಪ್ಪತ್ತೊಂದು ತೋರಿಸಿತು. ಮಧ್ಯೆ ಒಬ್ಬ ಹುಡುಗನಿಗೆ ಡಿಕ್ಕಿ ಹೊಡೆದಿದ್ದೆ. ಅದು ನನ್ನ ತಪ್ಪು, ಹಾಗಾಗಿ ವಾಚನ್ನು ಇಟ್ಟುಕೊಂಡೆ.